ರೋಮನ್ನರ ಕಾಂಕ್ರೀಟಿನಲ್ಲಿ ಕಂಬಿ ಇಲ್ಲ

ರೋಮ್ ನಗರದ ಪ್ಯಾಂಥಿಯನ್ ದೇಗುಲದ ಗುಮ್ಮಟ 43.3 ಮೀಟರ್ ಅಗಲವಿದೆ. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, ಸುಮಾರು ಕ್ರಿ.ಶ. 126ರ ಹೊತ್ತಿಗೆ ಮುಗಿದ ಕೆಲಸ. ಕಂಬಿಯಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇಂದಿಗೂ ಇದೇ ದೊಡ್ಡದು. ಮನೆ ಕಟ್ಟಿಸುವವರು ಅದರ ಚಿತ್ರ ತೋರಿಸಿ, ‘ಅವರ ಗುಟ್ಟು ನಿಮ್ಮ ಎಂಜಿನಿಯರುಗಳಿಗೇಕೆ ತಿಳಿದಿಲ್ಲ?’ ಎಂದು ಕೇಳಿದಾಗಲೆಲ್ಲ ನಾನು ಮೊದಲು ಎತ್ತುವುದು ಈ ಕಂಬಿಯ ಮಾತನ್ನೇ.

ಗುಟ್ಟೇ ಇಲ್ಲವೆಂದಲ್ಲ. ಬರೀ ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುತ್ತದೆ. ದಪ್ಪ ಗೋಡೆಯ ಒಳಗೆ ಅದು ವರ್ಷಗಟ್ಟಲೆ ಮೆತ್ತಗೇ ಉಳಿಯುತ್ತದೆ, ನೀರಿನಡಿಯಲ್ಲಂತೂ ಕಚ್ಚುವುದೇ ಇಲ್ಲ. ನೇಪಲ್ಸ್ ಕೊಲ್ಲಿಯ ಪೊಜ್ಜುವೋಲಿ ಸುತ್ತಮುತ್ತಲಿನ ಜ್ವಾಲಾಮುಖಿ ಬೂದಿ ಬೆರೆತರೆ ಕಥೆ ಬದಲಾಗುತ್ತದೆ. ಬೂದಿಯ ಸಿಲಿಕಾ, ಅಲ್ಯೂಮಿನಾಗಳು ಸುಣ್ಣ ಮತ್ತು ನೀರಿನೊಡನೆ ಕೂಡಿ, ಗಾಳಿಯ ಹಂಗಿಲ್ಲದೆ ಗಟ್ಟಿಯಾಗುತ್ತವೆ. ಸಮುದ್ರದ ಕೆಲಸಕ್ಕೆ ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಬೂದಿ ಎಂದು ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿಟ್ಟಿದ್ದಾನೆ. ಹೆರೋದ್ ರಾಜ ಇಂದಿನ ಇಸ್ರೇಲ್ ಕರಾವಳಿಯ ಸಿಸೇರಿಯಾದಲ್ಲಿ ಬಂದರು ಕಟ್ಟಿಸಿದಾಗ ಈ ಬೂದಿಯನ್ನು ಇಟಲಿಯಿಂದ ಮೆಡಿಟರೇನಿಯನ್ ದಾಟಿಸಿ ತರಿಸಿಕೊಂಡಿದ್ದ. ಬೂದಿ ಸಿಗದ ಕಡೆ ಮಡಕೆ, ಇಟ್ಟಿಗೆಯ ಚೂರನ್ನು ಕುಟ್ಟಿ ಬೆರೆಸುತ್ತಿದ್ದರು. ಕನ್ನಂಬಾಡಿ ಅಣೆಕಟ್ಟೆಗೆ ಬಳಸಿದ ಸುರ್ಕಿ ಗಾರೆಯ ರಸಾಯನವೂ ಇದೇ.

ರೋಮನ್ನರು ಸುಡುಸುಣ್ಣವನ್ನು ಮೊದಲೇ ನೀರಲ್ಲಿ ಅರಳಿಸದೆ ನೇರವಾಗಿ ಬೆರೆಸಿದ್ದರಿಂದ ಉಳಿದ ಬಿಳಿ ಗಂಟುಗಳು ಮುಂದೆ ಬಿರುಕನ್ನು ತಾವೇ ಮುಚ್ಚುತ್ತವೆ ಎಂಬ 2023ರ ಸಂಶೋಧನೆ ದೊಡ್ಡ ಸುದ್ದಿಯಾಯಿತು. ಒಳ್ಳೆಯ ಕೆಲಸವೇ. ಆದರೆ ಅದು ಸಣ್ಣ ಬಿರುಕುಗಳ ಮಾತು; ಪ್ಯಾಂಥಿಯನ್ ನಿಂತಿರುವುದಕ್ಕೆ ಅದೊಂದೇ ಕಾರಣವೆಂದು ನನಗನ್ನಿಸುವುದಿಲ್ಲ.

ನನ್ನ ಕಣ್ಣಿಗೆ ಹೆಚ್ಚು ಕಾಣುವುದು ಆಕಾರದ ಲೆಕ್ಕ. ಗುಮ್ಮಟದ ಬುಡ ಸುಮಾರು 6 ಮೀಟರ್ ದಪ್ಪ, ನೆತ್ತಿಯ ಕಿಂಡಿಯ ಬಳಿ 1.2 ಮೀಟರ್ ಅಷ್ಟೇ. ಕೆಳಗೆ ಭಾರದ ಕಲ್ಲು, ನಡುವೆ ಇಟ್ಟಿಗೆ ಚೂರು, ಮೇಲೆ ನೀರಲ್ಲಿ ತೇಲುವಷ್ಟು ಹಗುರವಾದ ಪ್ಯೂಮಿಸ್. ಇಷ್ಟಾದರೂ ಬುಡದ ಸುತ್ತಲಿನ ಎಳೆತಕ್ಕೆ ಗುಮ್ಮಟ ಬುಡದಿಂದ ಮೇಲಕ್ಕೆ ಉದ್ದುದ್ದ ಸೀಳಿದೆ. ಸೀಳಿದ ಭಾಗಗಳು ಕಮಾನುಗಳಂತೆ ಒಂದಕ್ಕೊಂದು ಒರಗಿಕೊಂಡಿವೆ, ಅವುಗಳ ನೂಕನ್ನು ಕೆಳಗಿನ ದಪ್ಪ ಗೋಡೆ ತಡೆದಿದೆ. ಒತ್ತಡವನ್ನು ಕಾಂಕ್ರೀಟ್ ಚೆನ್ನಾಗಿ ತಾಳುತ್ತದೆ, ಎಳೆತವನ್ನಲ್ಲ.

ನಮಗೆ ಬೇಕಾದದ್ದು ಐದಿಂಚಿನ ಚಪ್ಪಟೆ ತಾರಸಿ, ಗೋಡೆಯಿಂದ ಹೊರಚಾಚಿದ ಬಾಲ್ಕನಿ. ಅಲ್ಲಿ ಎಳೆತವಿದೆ, ಹಾಗಾಗಿ ಕಂಬಿ ಬೇಕೇ ಬೇಕು. ಹೊಸ ಕಾಂಕ್ರೀಟಿನ ಕ್ಷಾರಗುಣ ಕಂಬಿಯನ್ನು ತುಕ್ಕಿನಿಂದ ಕಾಯುತ್ತದೆ. ಇಂಗಾಲದ ಡೈಆಕ್ಸೈಡ್ ಒಳಗಿಳಿದಂತೆಲ್ಲ ಆ ಕಾವಲು ಸಡಿಲವಾಗುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬಿ ಮೇಲಿನ ಪದರವನ್ನು ಒಡೆದು ಬೀಳಿಸುತ್ತದೆ. ನಾನು ನೋಡಲು ಹೋಗುವ ಹಳೆಯ ಮನೆಗಳಲ್ಲಿ ಹೆಚ್ಚಿನವುಗಳ ಕಾಯಿಲೆ ಇದೇ. ಕಂಬಿಯನ್ನು ಎತ್ತರಿಸಿ ಹಿಡಿಯುವ ಪುಟ್ಟ ಕವರ್ ಬ್ಲಾಕ್ ಇಡದೆ ಅದನ್ನು ಶಟರಿಂಗ್ ಹಲಗೆಯ ಮೇಲೆಯೇ ಮಲಗಿಸಿರುತ್ತಾರೆ, ಸುರಿಯಲು ಸಲೀಸೆಂದು ಮಿಕ್ಸರಿಗೆ ಬೇಕಾಬಿಟ್ಟಿ ನೀರು ಹೊಯ್ದಿರುತ್ತಾರೆ. ರೋಮಿನ ಕೆಲಸಗಾರರು ಗಟ್ಟಿ ಗಾರೆಯನ್ನೂ ಕಲ್ಲುಗಳನ್ನೂ ಪದರಪದರವಾಗಿ ಕೈಯಿಂದ ಹಾಸುತ್ತಿದ್ದರು.

ಅಂಗಡಿಯಲ್ಲಿ ಸಿಗುವ ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಜ್ಜೊಲಾನಾ) ಸಿಮೆಂಟಿನಲ್ಲಿ ಹಾರುಬೂದಿ, ಅಂದರೆ ಕಲ್ಲಿದ್ದಲು ಉರಿಸಿದಾಗ ಬರುವ ನುಣ್ಣನೆಯ ಬೂದಿ, ಮಾಡುವುದು ಆ ಜ್ವಾಲಾಮುಖಿ ಬೂದಿಯ ಕೆಲಸವನ್ನೇ. ಅದು ನಿಧಾನವಾಗಿ ಬಲಗೊಳ್ಳುತ್ತದೆ. ಆದ್ದರಿಂದ ಪಿಪಿಸಿ ಹಾಕಿದ ತಾರಸಿಗೆ ಕಡಿಮೆಯೆಂದರೂ 10 ದಿನ, ಬಿಸಿಲು ಜೋರಿದ್ದರೆ 14 ದಿನ ನೀರು ಕಟ್ಟಿಸಿ.