ಹಳೆಯ ಕಾರಿನ ಆಯುಸ್ಸು ತಗಡಿನಲ್ಲಿದೆ

1983ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಗ್ರಾಹಕರ ಕೈಸೇರಿದ ಮಾರುತಿ 800 ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆದರೂ ನಮ್ಮ ಊರುಗಳಲ್ಲಿ ಆ ಪುಟ್ಟ ಕಾರು ಇಂದಿಗೂ ಅಲ್ಲಲ್ಲಿ ಓಡಾಡುತ್ತಿದೆ. ಅಂಥ ಹಳೆಯ ಕಾರನ್ನು ಕೊಳ್ಳಹೊರಟವರು ಮೊದಲು ಕೇಳುವುದು ‘ಎಷ್ಟು ಕಿಲೋಮೀಟರ್ ಓಡಿದೆ?’ ಎಂದು. ಇಷ್ಟು ವರ್ಷ ಅದು ಎಲ್ಲಿ ನಿಂತಿತ್ತು ಎಂದು ಕೇಳುವುದು ಅದಕ್ಕಿಂತ ಮುಖ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಓಡಿದ ದೂರವೊಂದೇ ಕಾರನ್ನು ಕೊಲ್ಲುವುದಿಲ್ಲ ಎನ್ನುವುದಕ್ಕೆ ಅಮೆರಿಕದ ಅರ್ವ್ ಗಾರ್ಡನ್ ಅವರ ವೋಲ್ವೋ ಪಿ1800 ದೊಡ್ಡ ಸಾಕ್ಷಿ. ವಿಜ್ಞಾನ ಶಿಕ್ಷಕರಾಗಿದ್ದ ಗಾರ್ಡನ್ 1966ರಲ್ಲಿ ಕೊಂಡ ಆ ಕಾರು 2013ರಲ್ಲಿ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿಲೋಮೀಟರ್ ದಾಟಿತು. ಇದು ಭೂಮಿಯಿಂದ ಚಂದ್ರನಿಗೆ ಆರು ಬಾರಿ ಹೋಗಿ ಬಂದಷ್ಟು ದೂರ. ಇಷ್ಟಾದರೂ ಇಂಜಿನ್ನನ್ನು ಬಿಚ್ಚಿ ಹೊಸದಾಗಿ ಕಟ್ಟಿಸಿದ್ದು ಬೆರಳೆಣಿಕೆಯಷ್ಟು ಸಲ ಮಾತ್ರ. ಅವರು ಆಯಿಲನ್ನು ತಪ್ಪದೆ ಬದಲಿಸುತ್ತಿದ್ದರು ಎಂಬುದು ಇದಕ್ಕೆ ಒಂದು ಕಾರಣ. ಅವರ ಓಡಾಟವೆಲ್ಲ ಬಹುಮಟ್ಟಿಗೆ ಹೆದ್ದಾರಿಯ ದೀರ್ಘ ಪ್ರಯಾಣವಾಗಿತ್ತು ಎಂಬುದು ಅಷ್ಟೇ ದೊಡ್ಡ ಕಾರಣ.

ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಇಂಜಿನ್ ಚೆನ್ನಾಗಿ ಕಾದಿದ್ದರೆ ಆ ಆವಿ ಹೊರಹೋಗುತ್ತದೆ. ಮನೆಯಿಂದ ತರಕಾರಿ ಅಂಗಡಿಗೆ ಹೋಗಿ ಮರಳುವಷ್ಟರಲ್ಲಿ ಇಂಜಿನ್ ಕಾಯುವುದೇ ಇಲ್ಲವಾದ್ದರಿಂದ, ಆವಿಯ ಒಂದಂಶ ಒಳಗೇ ಹನಿಗಟ್ಟಿ, ಉರಿದ ಇಂಧನದ ಆಮ್ಲಾಂಶಗಳೊಡನೆ ಆಯಿಲಿಗೆ ಸೇರಿಕೊಳ್ಳುತ್ತದೆ. ಹೀಗಾಗಿ ದಿನಕ್ಕೆ ಎರಡು ಕಿಲೋಮೀಟರ್ ಓಡುವ ಕಾರಿನ ಇಂಜಿನ್, ಇನ್ನೂರು ಕಿಲೋಮೀಟರ್ ಓಡುವ ಕಾರಿನದಕ್ಕಿಂತ ಪ್ರತಿ ಕಿಲೋಮೀಟರಿಗೆ ಹೆಚ್ಚು ಸವೆಯುತ್ತದೆ. ಆದರೂ ಸವೆದ ಇಂಜಿನ್ನಿಗೆ ಮದ್ದಿದೆ. ಸಿಲಿಂಡರಿನ ಸವೆದ ಒಳಮೈಯನ್ನು ಬೋರ್ ಮಾಡಿಸಿ (ಕೊರೆಸಿ ಸಮಗೊಳಿಸಿ), ಪಿಸ್ಟನ್, ರಿಂಗು, ಬೇರಿಂಗುಗಳನ್ನು ಬದಲಿಸಿದರೆ ಅದು ಮತ್ತೆ ವರ್ಷಗಟ್ಟಲೆ ದುಡಿಯುತ್ತದೆ.

ಮದ್ದು ಕಷ್ಟವಾಗುವುದು ಬಾಡಿಯ ವಿಷಯದಲ್ಲಿ. ಲಾರಿಗೆ ಇರುವಂತೆ ಇಂದಿನ ಬಹುಪಾಲು ಕಾರುಗಳಿಗೆ ಪ್ರತ್ಯೇಕ ಚಾಸಿ, ಅಂದರೆ ಭಾರ ಹೊರುವ ಅಡಿಚೌಕಟ್ಟು, ಇಲ್ಲ. ತೆಳುವಾದ ಉಕ್ಕಿನ ತಗಡುಗಳನ್ನು ಮಡಿಸಿ, ಬೆಸೆದು, ಪೊಳ್ಳು ಕೊಳವೆಗಳಂತೆ ಮಾಡಿದ ಭಾಗಗಳೇ ಇಡೀ ಭಾರವನ್ನು ಹೊರುತ್ತವೆ. ಕಬ್ಬಿಣ, ಆಮ್ಲಜನಕ ಮತ್ತು ನೀರು ಕೂಡಿದಲ್ಲೆಲ್ಲ ತುಕ್ಕು ಹುಟ್ಟುತ್ತದೆ. ಅಲ್ಯೂಮಿನಿಯಂ ಮೇಲೆ ಕಟ್ಟುವ ಆಕ್ಸೈಡ್ ಬಿಗಿಯಾದ ಪೊರೆಯಾಗಿ ಒಳಗಿನ ಲೋಹವನ್ನು ಕಾಯುತ್ತದೆ; ಕಬ್ಬಿಣದ ತುಕ್ಕಾದರೋ ಮೂಲ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಉಬ್ಬಿ, ಪದರಪದರವಾಗಿ ಉದುರಿ, ಹೊಸ ಕಬ್ಬಿಣವನ್ನು ಮತ್ತೆ ನೀರಿಗೆ ಒಡ್ಡುತ್ತದೆ. ನೀರಿನಲ್ಲಿ ಉಪ್ಪು ಕರಗಿದ್ದರೆ ಅದರಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಈ ಕ್ರಿಯೆ ಇನ್ನಷ್ಟು ಬಿರುಸಾಗುತ್ತದೆ. ಮಂಗಳೂರು, ಕಾರವಾರಗಳ ಕಡಲಗಾಳಿಯಲ್ಲಿ ನಿಂತ ಕಾರಿಗೂ ಬಳ್ಳಾರಿಯ ಒಣ ಬಿಸಿಲಲ್ಲಿ ನಿಂತ ಕಾರಿಗೂ, ಎರಡೂ ಒಂದೇ ವರ್ಷದವಾದರೂ, ತಗಡಿನ ವಯಸ್ಸು ಒಂದೇ ಅಲ್ಲ.

ಇದಕ್ಕೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಉಕ್ಕಿಗೆ ಒಂದು ವಿಶೇಷ ಗುಣವಿದೆ: ಒಂದು ಮಿತಿಗಿಂತ ಕಡಿಮೆ ಬಲದಲ್ಲಿ ಅದನ್ನು ಕೋಟಿ ಸಲ ಬಾಗಿಸಿದರೂ ಅದು ದಣಿದು ಬಿರುಕು ಬಿಡುವುದಿಲ್ಲ. ವಾಹನ ರೂಪಿಸುವವರು ಈ ಮಿತಿಯನ್ನು ನೆಚ್ಚಿಕೊಂಡೇ ಲೆಕ್ಕ ಹಾಕುತ್ತಾರೆ. ಆದರೆ ತುಕ್ಕು ಕೊರೆದ ಸಣ್ಣ ಗುಳಿಗಳ ಸುತ್ತ ಬಲವೆಲ್ಲ ಒಂದೆಡೆ ಕೇಂದ್ರೀಕರಿಸುವುದರಿಂದ ಆ ಮಿತಿ ಕುಸಿಯುತ್ತದೆ. ಹೊಸದಾಗಿದ್ದಾಗ ಕಾರು ಲೆಕ್ಕಿಸದ ರಸ್ತೆಗುಂಡಿಗಳೇ ಆಗ, ಚಕ್ರಗಳ ಕುಲುಕಾಟವನ್ನು ತಾಳುವ ಸಸ್ಪೆನ್ಷನ್ ಕೂರುವ ಜಾಗದಲ್ಲಿ ಬಿರುಕು ಮೂಡಿಸುತ್ತವೆ. ತುಕ್ಕಿನ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸುವ ರೂಢಿ ನಮ್ಮಲ್ಲಿ ಬಹಳವಿದೆ. ಪುಟ್ಟಿಗೆ ಭಾರ ಹೊರುವ ಶಕ್ತಿ ಇಲ್ಲ. ತಿಂದುಹೋದ ಭಾಗವನ್ನು ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸೆಯುವ ನಿಜವಾದ ಟಿಂಕರಿಂಗ್ ಕೆಲಸಕ್ಕೆ ಅನೇಕ ಸಲ ಕಾರಿನ ಬೆಲೆಗಿಂತ ಹೆಚ್ಚು ಖರ್ಚಾಗುತ್ತದೆ.

ಕಾರು ನಿಂತಿದ್ದರೂ ವಯಸ್ಸಾಗುವ ವಸ್ತು ರಬ್ಬರ್. ಬಿಸಿ, ಆಮ್ಲಜನಕ, ಓಜೋನ್‌ಗಳಿಂದ ಅದು ಗಡುಸಾಗಿ ಬಿರಿಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರ ತಯಾರಾದದ್ದು. ಹತ್ತು ವರ್ಷ ಕಳೆದ ಟೈರನ್ನು ಅದರ ಮೇಲ್ಮೈಯ ಗೀರುಗಳು ಎಷ್ಟೇ ಆಳವಾಗಿದ್ದರೂ ನಂಬಬಾರದು. ಬ್ರೇಕ್ ಆಯಿಲಿನ ವಿಷಯ ಇದಕ್ಕಿಂತ ಗಂಭೀರ. ಅದು ಗಾಳಿಯ ತೇವವನ್ನು ಸದಾ ಹೀರುತ್ತಿರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರಿನಂಶ ಶೇ 3.7ರಷ್ಟಾದಾಗ ಈ ಮಟ್ಟ 140ಕ್ಕೆ ಇಳಿಯುತ್ತದೆ. ಚಾರ್ಮಾಡಿ ಅಥವಾ ಆಗುಂಬೆ ಘಾಟಿಯನ್ನು ಬ್ರೇಕ್ ಒತ್ತಿಕೊಂಡೇ ಇಳಿಯುವಾಗ ಹಳೆಯ ಆಯಿಲ್ ಕುದಿದು ಆವಿಯ ಗುಳ್ಳೆಗಳೆದ್ದರೆ, ಪೆಡಲ್ ನೆಲಕ್ಕಿಳಿದರೂ ಕಾರು ನಿಲ್ಲುವುದಿಲ್ಲ. ಕೆಲವೇ ನೂರು ರೂಪಾಯಿಗಳ ಈ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದನ್ನು ಯಾರೂ ಮುಂದೂಡದಿರಲಿ ಎಂಬುದು ನನ್ನ ಕಳಕಳಿಯ ವಿನಂತಿ.

ಕಾನೂನು ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಅವಧಿ ಕೊಟ್ಟಿದೆ. ಆಮೇಲೆ ತಪಾಸಣೆಗೊಳಪಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬಹುದು. ಆದರೆ ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಹಳೆಯ ಕಾರಿನ ಹೊಗೆ, 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್ 6 ಎಂಬ ಹೊಗೆ ನಿಯಮದ ಮಟ್ಟದಷ್ಟು ಶುದ್ಧವಾಗುವುದಿಲ್ಲ, ಅದರಲ್ಲಿ ಇಲ್ಲದ ಏರ್‌ಬ್ಯಾಗ್ ಹುಟ್ಟಿಕೊಳ್ಳುವುದೂ ಇಲ್ಲ. ನಿತ್ಯ ನಗರದ ದಟ್ಟಣೆಯಲ್ಲಿ ಓಡಬೇಕಾದ ಕಾರಿನ ಬಗ್ಗೆ ತೀರ್ಮಾನಿಸುವಾಗ ಇದನ್ನು ಮರೆಯಲಾಗದು.

ಉಳಿದಂತೆ, ಕಾರನ್ನು ಇಟ್ಟುಕೊಳ್ಳಬಹುದೇ ಎಂಬುದನ್ನು ಮಳೆಗಾಲ ಮುಗಿದ ಕೂಡಲೇ ನೋಡುವುದು ಒಳ್ಳೆಯದು. ಒಳಗಿನ ಕಾರ್ಪೆಟ್ ಎತ್ತಿ ಅಡಿಯಲ್ಲಿ ತೇವವಿದೆಯೇ ಎಂದು ಮುಟ್ಟಿ ನೋಡಬೇಕು. ಬಾಗಿಲುಗಳ ಕೆಳಅಂಚಿನಲ್ಲಿ ನೀರು ಹೊರಹೋಗಲು ಇಟ್ಟಿರುವ ರಂಧ್ರಗಳಲ್ಲಿ ಕಟ್ಟಿಕೊಂಡ ಮಣ್ಣನ್ನು ಕಡ್ಡಿಯಿಂದ ತೆಗೆಯಬೇಕು. ಅನಂತರ ಜಾಕ್ ಕೊಡುವ ಜಾಗವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಬೇಕು. ಗಟ್ಟಿ ತಗಡು ಟಣ್ ಎನ್ನುತ್ತದೆ. ಮಂದವಾದ ಸದ್ದು ಬಂದು ಚೂರುಗಳು ಉದುರಿದರೆ, ಇಂಜಿನ್ ಎಷ್ಟೇ ನಯವಾಗಿ ಓಡುತ್ತಿದ್ದರೂ, ಹೊಸ ತಗಡು ಬೆಸೆಯುವವರೆಗೆ ಆ ಕಾರನ್ನು ರಸ್ತೆಗೆ ಇಳಿಸಬಾರದು.