ಒಣಗಣ್ಣು ಮತ್ತು ಮುಪ್ಪಾದ ಟಿ ಕೋಶಗಳು

ವಯಸ್ಸಾದವರು ಕಣ್ಣುರಿ ಎಂದರೆ ಸಾಕು, ಮನೆಮಂದಿಯ ಉತ್ತರ ಸಿದ್ಧವಾಗಿರುತ್ತದೆ: ‘ಉಷ್ಣ ಆಗಿದೆ.’ ನೆತ್ತಿಗೆ ಹರಳೆಣ್ಣೆ ಹಚ್ಚಿಕೊಂಡರೆ ತಕರಾರಿಲ್ಲ. ಆದರೆ ಕಣ್ಣಿಗೇ ಎಣ್ಣೆ, ಜೇನುತುಪ್ಪ, ಎದೆಹಾಲು ಬಿಡುವವರು ಇನ್ನೂ ಇದ್ದಾರೆ. ಸೋಂಕು ತಗುಲಿ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಹುಣ್ಣಾದರೆ ದೃಷ್ಟಿಯೇ ಹೋಗಬಹುದು. ಇನ್ನು ಕೆಲವರು, ‘ನೀರು ಧಾರಾಕಾರ ಸುರಿಯುತ್ತಿದೆ, ಒಣಗಿದೆ ಎನ್ನುತ್ತೀರಲ್ಲ’ ಎಂದು ವೈದ್ಯರ ಮೇಲೆಯೇ ರೇಗುತ್ತಾರೆ. ಕಣ್ಣೀರು ಕಣ್ಣಿಗೆ ಅಂಟಿ ನಿಲ್ಲಲು ಲೋಳೆ ಬೇಕು, ಬೇಗ ಆರದಿರಲು ಮೇಲೊಂದು ಎಣ್ಣೆಯ ಪದರ ಬೇಕು. ಇವು ಕೆಟ್ಟರೆ ಎಷ್ಟು ಸುರಿದರೂ ಕೆನ್ನೆಗಿಳಿಯುತ್ತದೆ, ಕಣ್ಣಿಗೆ ದಕ್ಕುವುದಿಲ್ಲ.

ಕೆಡಿಸುವವರು ಯಾರು? ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಬೇಲರ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಇಲಿಗಳ ಪ್ರಯೋಗವನ್ನು ಓದಿದಾಗ ನನಗೆ ರೋಮಾಂಚನವಾಯಿತು. ಎರಡು ವರ್ಷ ತುಂಬಿದ ಮುದಿ ಇಲಿಗಳಿಗೆ ತಾನಾಗಿಯೇ ಒಣಗಣ್ಣು ಬರುತ್ತದೆ. ಅವುಗಳ ಸಿಡಿ4 ಟಿ ಕೋಶಗಳನ್ನು (ಸೋಂಕಿನ ವಿರುದ್ಧ ದೇಹವನ್ನು ಕಾಯುವ ಒಂದು ಬಗೆಯ ಬಿಳಿ ರಕ್ತಕಣಗಳನ್ನು) ತೆಗೆದು, ಸ್ವಂತ ಟಿ ಕೋಶಗಳಿಲ್ಲದ ಎಳೆಯ ಇಲಿಗಳಿಗೆ ಸೇರಿಸಿದರು. ಎಳೆಯ ಇಲಿಗಳ ಕಣ್ಣಿಗೂ ರೋಗ ಬಂತು! ಮುಪ್ಪು ಕಣ್ಣಿನದಾಗಿರಲಿಲ್ಲ, ರಕ್ತದಲ್ಲಿ ತಿರುಗುವ ಕಾವಲುಗಾರರದಾಗಿತ್ತು.

ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿ ಹರೆಯದಿಂದಲೇ ಕುಗ್ಗುತ್ತಾ ಹೋಗುತ್ತದೆ. ಹೊಸ ಟಿ ಕೋಶಗಳ ಹುಟ್ಟು ಕಡಿಮೆಯಾಗಿ, ಹಳೆಯ ‘ನೆನಪಿನ’ ಕೋಶಗಳ ಪಾಲು ಹೆಚ್ಚುತ್ತದೆ. ಇವು ಹಳೆಯ ವ್ಯಾಜ್ಯ ಮರೆಯದ ದಾಯಾದಿಗಳಂತೆ. ಸಣ್ಣ ನೆಪ ಸಿಕ್ಕರೂ ಎದ್ದು ಬರುತ್ತವೆ. ಕೆಲವು ಇಂಟರ್‌ಫೆರಾನ್ ಗಾಮಾ ಎಂಬ ಉರಿಯೂತದ ರಾಸಾಯನಿಕವನ್ನು ಸುರಿಸುತ್ತವೆ. ಲೋಳೆ ಒಸರುವ ಗಾಬ್ಲೆಟ್ ಕೋಶಗಳು ಅದರಿಂದ ಸಾಯುತ್ತವೆ. ಇನ್ನು ಕೆಲವು ಇಂಟರ್‌ಲ್ಯೂಕಿನ್-17 ಎಂಬ ಇನ್ನೊಂದು ರಾಸಾಯನಿಕವನ್ನು ಬಿಡುತ್ತವೆ. ಅದು ಎಬ್ಬಿಸುವ ಕಿಣ್ವಗಳು ಕಾರ್ನಿಯಾದ ಹೊರಪದರದ ಕೋಶಗಳ ನಡುವಿನ ಬಂಧವನ್ನು ಕತ್ತರಿಸುತ್ತವೆ. ಇವನ್ನೆಲ್ಲ ಹತೋಟಿಯಲ್ಲಿಡಬೇಕಾದ ನಿಯಂತ್ರಕ ಟಿ ಕೋಶಗಳಿಗೂ ವಯಸ್ಸಾಗಿ ಹಿಡಿತ ಸಡಿಲಿರುತ್ತದೆ. ಕಣ್ಣೀರು ಆರಿದಷ್ಟೂ ಉಪ್ಪಿನಂಶ ಏರುತ್ತದೆ, ಉಪ್ಪು ಏರಿದಷ್ಟೂ ಉರಿಯೂತ, ಉರಿಯೂತವಾದಷ್ಟೂ ಲೋಳೆಯ ನಷ್ಟ. ಒಮ್ಮೆ ಶುರುವಾದ ಈ ಸುತ್ತು ತಾನಾಗಿ ನಿಲ್ಲುವುದು ಕಷ್ಟ.

ಕಣ್ಣೀರ ಗ್ರಂಥಿಗೆ ಬಿಳಿ ರಕ್ತಕಣಗಳು ಮುತ್ತಿಗೆ ಹಾಕುವುದನ್ನು ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್ 1933ರಷ್ಟು ಹಿಂದೆಯೇ ವಿವರಿಸಿದ್ದರು. ಕಣ್ಣು ಒಣಗಿದ 19 ಮಹಿಳೆಯರ ಬಗ್ಗೆ ಅವರು ಬರೆದ ಪ್ರಬಂಧಕ್ಕೆ ಒಳ್ಳೆಯ ಶ್ರೇಣಿ ಸಿಗಲಿಲ್ಲ; ವಿಶ್ವವಿದ್ಯಾಲಯದ ಬೋಧಕ ಪದವಿ ಕೈತಪ್ಪಿತು. ಅವರ ಹೆಸರಿನ ಕಾಯಿಲೆ ವಯೋಸಹಜ ಒಣಗಣ್ಣಿಗಿಂತ ಬೇರೆ, ತೀವ್ರವಾದದ್ದು. ಆದರೂ ಒಣಗಿದ ಕಣ್ಣಿನಲ್ಲಿ ರೋಗನಿರೋಧಕ ವ್ಯವಸ್ಥೆಯ ಕೈವಾಡವನ್ನು ಹುಡುಕುವ ದಾರಿ ಅಲ್ಲಿಂದಲೇ ಹೊರಟಿತು. ಅಂಥವರನ್ನು ಅಂದು ಕಡೆಗಣಿಸಿದ್ದು ಅನ್ಯಾಯ.

ಅಂಗಾಂಗ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್, 2002ರಲ್ಲಿ ಅಮೆರಿಕದಲ್ಲಿ ಕಣ್ಣಿನ ಹನಿಯಾಗಿ ಒಪ್ಪಿಗೆ ಪಡೆದದ್ದು ಇದೇ ಕಾರಣಕ್ಕೆ: ಅದು ಟಿ ಕೋಶಗಳನ್ನು ತಣಿಸುತ್ತದೆ. ಆದರೆ ಗುಣ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮೊದಮೊದಲು ಉರಿಯೂ ಇರುತ್ತದೆ. ಅಷ್ಟರೊಳಗೆ ಬೇಸತ್ತು, ಔಷಧದಂಗಡಿಯಿಂದ ಚೀಟಿಯಿಲ್ಲದೆ ಸ್ಟೀರಾಯ್ಡ್ ಹನಿ ತಂದು ತಿಂಗಳುಗಟ್ಟಲೆ ಹಾಕಿಕೊಳ್ಳುವವರಿಗೆ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಕೆಡುವ ರೋಗ) ಮತ್ತು ಕಣ್ಣಿನ ಪೊರೆಯ ಅಪಾಯವಿದೆ.