ಪದ ಪರಿಚಯ: ಉರಿವಲಯ

ಕಾಡು ಮತ್ತು ಕಿಚ್ಚು ಸೇರಿ ಕಾಡ್ಗಿಚ್ಚು ಆಗುವುದನ್ನು ಆದೇಶ ಸಂಧಿಯ ಪಾಠದಲ್ಲಿ ಎಲ್ಲರೂ ಕಲಿತಿದ್ದೇವೆ. ಆದರೆ ಆ ಕಿಚ್ಚು ಕಾಡಿನಂಚು ದಾಟಿ ಮನೆಗೆ ಹತ್ತುವ ಬಗೆಯನ್ನು ಹೇಳುವ ಪದವೊಂದು ಕನ್ನಡದಲ್ಲಿ ಇನ್ನೂ ನೆಲೆಗೊಂಡಿಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಹೋಮ್ ಇಗ್ನಿಷನ್ ಜೋನ್ ಎನ್ನುತ್ತಾರೆ. ಇಲ್ಲಿ ಅದನ್ನು ಉರಿವಲಯ ಎಂದು ಕರೆದುಕೊಳ್ಳೋಣ. ಮನೆ ಮತ್ತು ಅದರ ಸುತ್ತಲಿನ ಸುಮಾರು 30ರಿಂದ 60 ಮೀಟರ್ ನೆಲ ಸೇರಿದರೆ ಒಂದು ಉರಿವಲಯ. ಈ ಲೆಕ್ಕದಲ್ಲಿ ಮನೆಯೂ ಒಂದು ಉರುವಲು ಎಂಬುದನ್ನು ಮರೆಯಬಾರದು.

ಈ ಪರಿಕಲ್ಪನೆಯನ್ನು ಬೆಳೆಸಿದವರು ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ವಿಜ್ಞಾನಿ ಜ್ಯಾಕ್ ಕೋಹೆನ್. ದೂರದ ಜ್ವಾಲೆಯ ಝಳ ನಾವು ಊಹಿಸುವುದಕ್ಕಿಂತ ಬೇಗ ಕುಂದುತ್ತದೆ, ಮರಗಳ ತಲೆಯವರೆಗೆ ಎದ್ದ ಬೆಂಕಿ ಕೂಡ 30 ಮೀಟರ್ ಆಚೆಗಿದ್ದರೆ ಮರದ ಗೋಡೆಗೆ ಹತ್ತುವುದು ಕಷ್ಟ ಎಂದು ಅವರ ಪ್ರಯೋಗಗಳು ತೋರಿಸಿದವು. ಹಾಗಿದ್ದೂ ಮನೆಗಳು ಸುಡುವುದು ಹೆಚ್ಚಾಗಿ ಕಿಡಿಗಳಿಂದ. ಗಾಳಿಗೆ ಹಾರುವ ಕೆಂಡದ ಚೂರುಗಳು ಒಂದು ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ ಬೀಳಬಲ್ಲವು, ಮತ್ತು ಬಿದ್ದ ಜಾಗದಲ್ಲಿ ಒಣಗಿದ್ದೇನಾದರೂ ಸಿಕ್ಕರೆ ಅಲ್ಲಿಂದ ಹೊಸ ಬೆಂಕಿ ಹುಟ್ಟುತ್ತದೆ. ಅರಣ್ಯ ಇಲಾಖೆಯವರು ಬೇಸಿಗೆಗೆ ಮುಂಚೆ ಗಿಡಹುಲ್ಲು ಸವರಿ ತೆಗೆಯುವ ಬೋಳು ಪಟ್ಟಿ, ಅಂದರೆ ಬೆಂಕಿರೇಖೆ, ನೆಲದ ಮೇಲೆ ತೆವಳಿ ಬರುವ ಬೆಂಕಿಯನ್ನು ತಡೆಯುವುದಕ್ಕೆ ಇರುವಂಥದ್ದು. ಕಿಡಿಯ ಮಟ್ಟಿಗೆ ಆ ರೇಖೆ ಇದ್ದರೂ ಇಲ್ಲದಂತೆಯೇ. ಬೆಂಕಿರೇಖೆಗೂ ಉರಿವಲಯಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ.

ಚಿಕ್ಕಮಗಳೂರು ಅಥವಾ ಸಕಲೇಶಪುರದ ಕಡೆಯ ಕಾಫಿ ತೋಟದ ಮನೆಯೊಂದನ್ನು ಈ ಕಣ್ಣಿನಿಂದ ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಮಂಗಳೂರು ಹಂಚು ತಾನಾಗಿ ಸುಡುವುದಿಲ್ಲ ಎಂಬುದು ನಿಜ. ಆದರೆ ಹಂಚುಗಳ ಸಂದಿಯಿಂದ ಅಟ್ಟಕ್ಕೆ ಇಳಿದ ಕಿಡಿಗೆ ಮರದ ಪಕಾಸಿ, ಹಳೆಯ ಗೋಣಿಚೀಲ, ಇಲಿ ಕಟ್ಟಿದ ಗೂಡು ಎಲ್ಲವೂ ಸಿದ್ಧವಾಗಿ ಕಾದಿರುತ್ತವೆ. ಸೂರಿನ ದೋಣಿಯಲ್ಲಿ ಸಿಲ್ವರ್ ಓಕಿನ ತರಗು ತುಂಬಿಕೊಂಡಿರುತ್ತದೆ, ಗೋಡೆಗೆ ಒರಗಿಸಿ ವರ್ಷದ ಸೌದೆ ಪೇರಿಸಿರುತ್ತದೆ, ಕೊಟ್ಟಿಗೆಯ ಪಕ್ಕದಲ್ಲೇ ಹುಲ್ಲಿನ ಬಣವೆ ನಿಂತಿರುತ್ತದೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಮೂಲೆಯಲ್ಲಿ ಡೀಸೆಲ್ ಕ್ಯಾನು ಇರುತ್ತದೆ. ಗೋಡೆಯಿಂದ ಮೊದಲ ಒಂದೂವರೆ ಮೀಟರಿನೊಳಗೆ ಉರಿಯುವಂಥದ್ದು ಏನೂ ಇರಬಾರದು ಎಂಬುದು ಉರಿವಲಯದ ಅತ್ಯಂತ ಕಟ್ಟುನಿಟ್ಟಿನ ನಿಯಮ, ಮತ್ತು ನಮ್ಮ ಬಹುಪಾಲು ಮನೆಗಳು ಸೋಲುವುದು ಇದರಲ್ಲೇ. ಅದರಾಚೆ ಸುಮಾರು ಒಂಬತ್ತು ಮೀಟರಿನವರೆಗೆ ಒಣಹುಲ್ಲು ಸವರಿ ತರಗು ಗುಡಿಸಿರಬೇಕು. ಇನ್ನೂ ಹೊರಗೆ ಗಿಡಮರಗಳು ಇರಬಹುದು, ಆದರೆ ಲಂಟಾನದ ಬೇಲಿಯಿಂದ ಬಿದಿರಿಗೆ, ಬಿದಿರಿನಿಂದ ಮರದ ಕೊಂಬೆಗೆ ಬೆಂಕಿ ಏಣಿ ಹತ್ತಿದಂತೆ ಹತ್ತುವುದಕ್ಕೆ ಅವಕಾಶವಿರಬಾರದು.

ಜಾಗದ ಇಳಿಜಾರು ಇನ್ನೊಂದು ದೊಡ್ಡ ಅಂಶ. ಬೆಂಕಿ ಏರಿನಲ್ಲಿ ಓಡುತ್ತದೆ, ಇಳಿಜಾರಿನಲ್ಲಿ ನಿಧಾನಿಸುತ್ತದೆ. ಜ್ವಾಲೆ ತನ್ನ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುವುದೇ ಅದಕ್ಕೆ ಕಾರಣ. ಏರು ಪ್ರತಿ 10 ಡಿಗ್ರಿ ಹೆಚ್ಚಿದಂತೆ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದು ಬಳಕೆಯಲ್ಲಿರುವ ಸ್ಥೂಲ ಸೂತ್ರ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಶೋಲಾ ಎಂಬ ಕುಳ್ಳ ನಿತ್ಯಹಸಿರು ಕಾಡು ತಗ್ಗಿನ ತೇವದಲ್ಲಿ ಉಳಿದುಕೊಂಡರೆ ಬೋಳು ನೆತ್ತಿಯ ಹುಲ್ಲು ಜನವರಿಯ ಹೊತ್ತಿಗೆ ಹೊಂಬಣ್ಣಕ್ಕೆ ತಿರುಗುತ್ತದೆ. ನೋಟ ಚೆನ್ನಾಗಿದೆಯೆಂದು ಅಂಥ ನೆತ್ತಿಯಲ್ಲಿ ಹೋಂಸ್ಟೇ ಕಟ್ಟಿದವರು ಅತಿಥಿಗಳಿಗೆ ತೋರಿಸುವ ಆ ಇಳಿಜಾರೇ ಅವರ ಉರಿವಲಯದ ಅತಿ ದುರ್ಬಲ ಮಗ್ಗುಲು. ಅಲ್ಲಿ 30 ಮೀಟರ್ ಸಾಲದು, ಕೆಳಗಿನ ಬದಿಗೆ ವಲಯವನ್ನು ಇನ್ನಷ್ಟು ಹಿಗ್ಗಿಸಬೇಕಾಗುತ್ತದೆ. ದಟ್ಟ ನೆರಳಿನ, ಹೂವಿಗೆಂದು ಸ್ಪ್ರಿಂಕ್ಲರ್ ನೀರು ಕಂಡ ರೊಬಸ್ಟಾ ತೋಟ ಮಧ್ಯೆ ಬಂದರೆ ಅದು ಬೆಂಕಿಯನ್ನು ತಕ್ಕಮಟ್ಟಿಗೆ ಕಂಗೆಡಿಸುತ್ತದೆ.

ಉರಿವಲಯದ ಅಂದಾಜು ಮಾಡುವುದಕ್ಕೆ ಸರಿಯಾದ ಸಮಯ, ಕಾಫಿ ಹೂವರಳಿಸುವ ಹೂಮಳೆಗೆ ಮುಂಚಿನ ಫೆಬ್ರವರಿಯ ಒಂದು ಮಧ್ಯಾಹ್ನ. ಮಳೆಗಾಲ ಮುಗಿದೊಡನೆ ನೋಡಿದರೆ ಎಲ್ಲವೂ ಹಸಿರಾಗಿ ಕಂಡು ಮೋಸವಾಗುತ್ತದೆ. ದೆಹ್ರಾದೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹಗಳಿಂದ ಬೆಂಕಿ ಗುರುತಿಸಿ, ನೋಂದಾಯಿಸಿಕೊಂಡವರಿಗೆ ಎಚ್ಚರಿಕೆ ಕಳಿಸುತ್ತದೆ. ಅದರ ಒಂದು ಬಿಂದು ಸುಮಾರು 375 ಮೀಟರ್ ಅಗಲದ ನೆಲವನ್ನು ಪ್ರತಿನಿಧಿಸುವುದರಿಂದ, ಹಿಂದಿನ ವರ್ಷಗಳಲ್ಲಿ ಬೆಂಕಿ ಯಾವ ಗುಡ್ಡದಿಂದ ಬಂದಿತ್ತು ಎಂಬುದನ್ನು ತಿಳಿಯಲು ಅದು ಒದಗುತ್ತದೆಯೇ ಹೊರತು ನಿಮ್ಮ ಬಣವೆಯ ಸ್ಥಿತಿಯನ್ನು ಹೇಳುವುದಿಲ್ಲ.

ಉರಿವಲಯಕ್ಕೆ ಸರ್ವೆ ನಂಬರಿನ ಗಡಿ ಗೊತ್ತಿಲ್ಲ ಎಂಬುದು ಇದರಲ್ಲಿ ನಿಜವಾಗಿ ಕಷ್ಟದ ಭಾಗ. ಸಣ್ಣ ಹಿಡುವಳಿಗಳಲ್ಲಿ 30 ಮೀಟರ್ ಅಳೆದರೆ ಪಕ್ಕದವರ ಬೇಲಿ ದಾಟುತ್ತದೆ, ಅವರ ವಲಯದೊಳಗೆ ನಮ್ಮ ಸೌದೆ ಕೊಟ್ಟಿಗೆ ಬರುತ್ತದೆ. ಆಚೆಗಿರುವುದು ಮೀಸಲು ಅರಣ್ಯವಾದರೆ ಅಲ್ಲಿ ಗಿಡ ಸವರುವುದಾಗಲಿ, ತಾವೇ ಬೆಂಕಿಯಿಟ್ಟು ಹುಲ್ಲು ಸುಡುವುದಾಗಲಿ ಅಪರಾಧ. ಆ ಬದಿಯ ಬೆಂಕಿರೇಖೆಗಾಗಿ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹುಲ್ಲು ಒಣಗುವ ಮೊದಲೇ, ಡಿಸೆಂಬರಿನೊಳಗೆ ಹೋಗಿ ಕೇಳಬೇಕಾಗುತ್ತದೆ.